ಸೆಕೆಂಡ್ ಹ್ಯಾಂಡ್ ಜೀಪಿನ ಚರಿತ್ರೆ

ಜೀಪು ನಮ್ಮ ಕಡೆಯ ಜನರ ಕೈಗೆ ಬಂದದ್ದೇ ಹಳೆಯ ವಾಹನವಾಗಿ. ಹೊಸ ಜೀಪನ್ನು ಕಂಪೆನಿಯಿಂದ ನೇರವಾಗಿ ತಂದ ಗೃಹಸ್ಥರನ್ನು ನನ್ನ ಬಾಲ್ಯದಲ್ಲಿ ನಾನು ಕಂಡವನಲ್ಲ. ಮೊದಲು ಅದು ಯಾವುದೋ ಸರಕಾರಿ ಇಲಾಖೆಯಲ್ಲಿ ದುಡಿದು, ಹರಾಜಿನಲ್ಲಿ ಯಾರದೋ ಪಾಲಾಗಿ, ಬಣ್ಣ ಬದಲಿಸಿಕೊಂಡು, ಕಡೆಗೊಮ್ಮೆ ಘಟ್ಟದ ಬುಡದ ತೋಟದ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಆದುದರಿಂದ ಜೀಪಿನ ಚರಿತ್ರೆ ಬರೆಯುವವರು ಕಾರ್ಖಾನೆಯ ಚರಿತ್ರೆಯನ್ನಷ್ಟೇ ಬರೆದರೆ ಅರ್ಧ ಬರೆದಂತೆ. ಉಳಿದರ್ಧ ಎರಡನೆಯ, ಮೂರನೆಯ, ನಾಲ್ಕನೆಯ ಯಜಮಾನರದು ಮತ್ತು ಅವರ ಮೇಸ್ತ್ರಿಗಳದು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಲವು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ್ದಾನೆ. ಅಮಾಸೆಬೈಲಿನ ಕಡೆ ತಂದೆ ಬಿಟ್ಟುಹೋದ ಅಡಿಕೆ ತೋಟವಿದೆ. ಮನೆಯಲ್ಲಿ ಮೊಣಕಾಲು ನೋವಿನ ವೃದ್ಧೆ ತಾಯಿ ಇದ್ದಾರೆ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ, ನಡುವೆ ಒಂದು ತೋಡು. ಆಷಾಢದ ಮಳೆಯಲ್ಲಿ ಆಟೋದವರು ಆ ದಾರಿಗೆ ಬರಲೊಪ್ಪುವುದಿಲ್ಲ. ತಾಯಿಯನ್ನು ತಿಂಗಳಿಗೊಮ್ಮೆ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ಯಲೇಬೇಕು. "ಮಾಷ್ಟ್ರೇ, ಹಳಿ ಜೀಪೊಂದ್ ತಕಣ್ಕ್ ಅಂದೇಳಿ ಇತ್. ನೀವ್ ಎಂತ ಹೇಳ್ತ್ರಿ?" ಎಂದು ಫೋನಿನಲ್ಲಿ ಕೇಳಿದ. ಚರಿತ್ರೆಯ ಪಾಠ ಮಾಡಿದವನನ್ನು ಕೇಳಿದರೆ ಉತ್ತರ ಚರಿತ್ರೆಯಿಂದಲೇ ಆರಂಭವಾಗುತ್ತದೆ ಎಂಬುದು ಅವನಿಗೆ ತಿಳಿಯದ ವಿಷಯವೇನಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಇನ್ನೂ ಪ್ರವೇಶಿಸದಿದ್ದ 1940ರ ಬೇಸಗೆಯಲ್ಲಿ ಅದರ ಸೇನೆಯು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುವ ಒಂದು ವಾಹನ ಬೇಕೆಂದು 135 ಕಂಪೆನಿಗಳಿಗೆ ಕರೆ ಕಳುಹಿಸಿತು. ಮಾದರಿ ವಾಹನವನ್ನು 49 ದಿನಗಳಲ್ಲಿ ಒಪ್ಪಿಸಬೇಕೆಂಬುದು ಷರತ್ತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನನ್ನು ಕರೆಸಿ ನಕ್ಷೆ ಬರೆಸಿ, ಗಡುವಿನ ದಿನವೇ, ಎಂದರೆ ಸೆಪ್ಟೆಂಬರ್ 23ರಂದು, ವಾಹನವನ್ನು ಸೇನೆಯ ಮುಂದೆ ತಂದು ನಿಲ್ಲಿಸಿತು. ಆದರೆ ಅಷ್ಟು ಸಣ್ಣ ಕಂಪೆನಿಯಿಂದ ಸಾವಿರ ಸಾವಿರ ವಾಹನ ಮಾಡಲಾದೀತೇ ಎಂಬ ಸಂಶಯ ಸೇನೆಗೆ. ಅದರ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳಿಗೂ ತೋರಿಸಲಾಯಿತು. ಕಡೆಗೆ ಗುತ್ತಿಗೆಯೂ ಅವರ ಪಾಲಾಯಿತು. ಯುದ್ಧ ಮುಗಿಯುವುದರೊಳಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದರು. ಹೆತ್ತವಳೊಬ್ಬಳು, ಹೆಸರು ಪಡೆದವಳು ಇನ್ನೊಬ್ಬಳು. ಬ್ಯಾಂಟಮ್‌ಗೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವ ಕೆಲಸ.

ಈ ಯುದ್ಧದ ಜೀಪಿನಲ್ಲಿ ಒಂದು ಗುಣವಿತ್ತು. ವಿಲ್ಲೀಸ್ ಮಾಡಿದ ಬಿಡಿಭಾಗ ಫೋರ್ಡ್ ಮಾಡಿದ ಜೀಪಿಗೆ ಕೂರುತ್ತಿತ್ತು, ಅದರದು ಇದಕ್ಕೆ. ರಣರಂಗದಲ್ಲಿ ಮುರಿದು ಬಿದ್ದ ಮೂರು ಜೀಪುಗಳಿಂದ ಓಡುವ ಒಂದು ಜೀಪನ್ನು ಕಟ್ಟಬಹುದಿತ್ತು. ಮುಂದೆ ಐವತ್ತು ಅರವತ್ತು ವರ್ಷಗಳ ಕಾಲ ನಮ್ಮ ಗುಜರಿ ಅಂಗಡಿಗಳೂ ಗ್ಯಾರೇಜುಗಳೂ ಬದುಕಿದ್ದು ಈ ಒಂದು ಗುಣದ ಮೇಲೆ. ಯುದ್ಧಾನಂತರ ಉಳಿದ ಜೀಪುಗಳನ್ನು ಫಿಲಿಪ್ಪೀನ್ಸಿನ ಜನ ಉದ್ದ ಮಾಡಿ, ಮಾಡು ಹೊದಿಸಿ, ಬಣ್ಣ ಬಣ್ಣದ ಜೀಪ್ನಿಗಳನ್ನಾಗಿ ಮಾಡಿಕೊಂಡರು. ಇಂಗ್ಲೆಂಡಿನಲ್ಲಿ ಮಾರಿಸ್ ವಿಲ್ಕ್ಸ್ ಎಂಬಾತ ತನ್ನ ಹೊಲದಲ್ಲಿ ಬಳಸುತ್ತಿದ್ದ ಹಳೆಯ ಜೀಪನ್ನು ನೋಡಿಯೇ ಲ್ಯಾಂಡ್ ರೋವರನ್ನು ಕಲ್ಪಿಸಿದ. ಅದು 1948ರಲ್ಲಿ ಹೊರಬಂತು.

ನಮ್ಮ ದೇಶದ ಕತೆಗೆ ಬರೋಣ. ಜೆ. ಸಿ. ಮಹೀಂದ್ರಾ, ಕೆ. ಸಿ. ಮಹೀಂದ್ರಾ ಸಹೋದರರು ಮಲಿಕ್ ಗುಲಾಂ ಮುಹಮ್ಮದ್ ಅವರೊಡನೆ ಸೇರಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪೆನಿ ಆರಂಭಿಸಿದರು. ದೇಶ ವಿಭಜನೆಯಾದಾಗ ಗುಲಾಂ ಮುಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಅತ್ತ ಹೋದರು. ಕಂಪೆನಿಯ ಹೆಸರು 1948ರಲ್ಲಿ ಮಹೀಂದ್ರಾ ಆ್ಯಂಡ್ ಮಹೀಂದ್ರಾ ಎಂದಾಯಿತು. ವಿಲ್ಲೀಸ್ ಕಂಪೆನಿಯಿಂದ ಬಿಡಿಭಾಗಗಳನ್ನು ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸಿದ ಜೀಪು 1949ರಲ್ಲಿ ಹೊರಬಂತು. ಮೊದಲ ಕಂತಿನಲ್ಲಿ ಬಂದದ್ದು 75 ಜೀಪುಗಳ ಸಾಮಗ್ರಿ.

ಇದೇ ವರ್ಷಗಳಲ್ಲಿ ನಡೆದ ಇನ್ನೊಂದು ಪ್ರಕರಣವನ್ನು ಹಳೆಯ ವಾಹನ ಕೊಳ್ಳಹೊರಟವರೆಲ್ಲ ಓದಬೇಕು. ಕಾಶ್ಮೀರದ ಯುದ್ಧ ನಡೆಯುತ್ತಿದ್ದ 1948ರಲ್ಲಿ ಸೇನೆಗೆ ತುರ್ತಾಗಿ ಜೀಪುಗಳು ಬೇಕಾದುವು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಅವರು ರೂಢಿಯ ಕ್ರಮಗಳನ್ನು ಬದಿಗಿಟ್ಟು, ದುರಸ್ತಿ ಮಾಡಿದ ಹಳೆಯ ಜೀಪುಗಳಿಗಾಗಿ ಹೆಸರಿಲ್ಲದ ಒಂದು ವಿದೇಶೀ ಸಂಸ್ಥೆಯೊಡನೆ 80 ಲಕ್ಷ ರೂಪಾಯಿಗಳ ಕರಾರಿಗೆ ಸಹಿ ಹಾಕಿದರು. ಬಹುಪಾಲು ಹಣ ಮುಂಗಡವಾಗಿಯೇ ಹೋಯಿತು. ಕಡೆಗೆ ಬಂದು ಮುಟ್ಟಿದವು 155 ಜೀಪುಗಳು. ಅವೂ ಬಳಕೆಗೆ ಯೋಗ್ಯವಲ್ಲವೆಂದು ಸೇನೆ ನಿರಾಕರಿಸಿತು. ಪಾರ್ಲಿಮೆಂಟಿನಲ್ಲಿ ದೊಡ್ಡ ಗದ್ದಲವಾಯಿತು. ಅನಂತಶಯನಂ ಅಯ್ಯಂಗಾರರ ನೇತೃತ್ವದ ಸಮಿತಿ ವಿಚಾರಿಸಿತು. 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು ಪ್ರಕರಣ ಮುಗಿಯಿತೆಂದು ಸಾರಿದರು. ಮರುವರ್ಷ ಫೆಬ್ರವರಿಯಲ್ಲಿ ಮೆನನ್ ಅವರು ಕೇಂದ್ರ ಮಂತ್ರಿಮಂಡಲ ಸೇರಿದರು. ಅವರ ಮೇಲೆ ನ್ಯಾಯಾಲಯದಲ್ಲಿ ಯಾವ ಆರೋಪವೂ ಸಾಬೀತಾಗಿಲ್ಲವೆಂಬುದನ್ನೂ ಹೇಳಬೇಕು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಇದನ್ನು ಪುಸ್ತಕಗಳಲ್ಲಿ ಬರೆಯುತ್ತಾರೆ. ರಾಜಕೀಯವನ್ನು ಬಿಟ್ಟು ನೋಡಿದರೆ, ಅಲ್ಲಿ ನಡೆದದ್ದು ಇಷ್ಟೇ: ಅವಸರವಿತ್ತು, ವಾಹನವನ್ನು ಕಣ್ಣಾರೆ ನೋಡಿ ಪರೀಕ್ಷಿಸಿದವರಿರಲಿಲ್ಲ, ಹಣ ಮೊದಲು ಹೋಯಿತು. ನನ್ನ ವಿದ್ಯಾರ್ಥಿ ದೂರದ ಊರಿನ ಒಂದು ಜೀಪಿನ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಮುಂಗಡ ಕಳುಹಿಸುವ ಯೋಚನೆಯಲ್ಲಿದ್ದ. ಅವನಿಗೆ ನಾನು ಈ ಕತೆಯನ್ನು ಪೂರ್ತಿ ಹೇಳಿದೆ.

ಸಮುದಾಯ ಅಭಿವೃದ್ಧಿ ಯೋಜನೆ 1952ರ ಅಕ್ಟೋಬರ್ 2ರಂದು ಆರಂಭವಾದ ಮೇಲೆ ಜೀಪು ಹಳ್ಳಿಗೆ ಬಂತು. ಬಿ.ಡಿ.ಒ. ಸಾಹೇಬರ ಜೀಪು, ಯುನಿಸೆಫ್‌ನವರು ಆರೋಗ್ಯ ಕೇಂದ್ರಗಳಿಗೆ ಕೊಟ್ಟ ಜೀಪು, ಅರಣ್ಯ ಇಲಾಖೆಯ ಜೀಪು, ಪೊಲೀಸರ ಜೀಪು. ಅದರ ಸದ್ದು ಕೇಳಿದರೆ ಮಕ್ಕಳು ರಸ್ತೆಗೆ ಓಡಿಬರುತ್ತಿದ್ದರು, ದೊಡ್ಡವರಲ್ಲಿ ಕೆಲವರು ಹಿತ್ತಲಿಗೆ ಓಡುತ್ತಿದ್ದರು. ಈ ಜೀಪುಗಳು ಹಳತಾದಾಗ ಹರಾಜಾಗುತ್ತಿದ್ದವು. ನಮ್ಮ ಪರಿಚಯದ ತೋಟಗಾರರೊಬ್ಬರು ಹಾಗೆ ಕೊಂಡ ಒಂದು ಜೀಪನ್ನು ತರಲು ಹೋದಾಗ ಹರಾಜಿನ ದಿನ ಇದ್ದ ಬ್ಯಾಟರಿ, ಡೈನಮೋ, ಕಾರ್ಬ್ಯುರೇಟರ್ ಮೂರೂ ಇರಲಿಲ್ಲವಂತೆ. ಲಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ಅದನ್ನು ನೋಡಿದ ಮುದುಕ ಮೇಸ್ತ್ರಿಯೊಬ್ಬರು ಬಾನೆಟ್ಟು ಎತ್ತಲೇ ಇಲ್ಲ. ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗಿ ಛಾಸಿಯ ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣದ ಸದ್ದು ಬೇರೆ, ಒಳಗೆ ತುಕ್ಕು ತಿಂದ ಕಬ್ಬಿಣದ ಸದ್ದು ಬೇರೆ. ಎದ್ದು ಬಂದು, "ಎಂಜಿನ್ ಎಲ್ಲಿಯಾದರೂ ಸಿಗುತ್ತದೆ, ಛಾಸಿ ಸಿಗುವುದಿಲ್ಲ. ಇದು ಆದೀತು" ಎಂದರು. ಆ ಜೀಪು ಆಮೇಲೆ ಇಪ್ಪತ್ತು ವರ್ಷ ಅಡಿಕೆ ಹೊತ್ತಿತು.

ಅಂಥ ಜೀಪು ಏನು ಮಾಡಬಲ್ಲದೆಂದು ನಾನು ಕಣ್ಣಾರೆ ಕಂಡದ್ದು 1980ರ ದಶಕದಲ್ಲಿ, ಚುನಾವಣೆಯ ಕರ್ತವ್ಯದ ಮೇಲೆ ಘಟ್ಟದ ಬುಡದ ಒಂದು ಮತಗಟ್ಟೆಗೆ ಹೋದಾಗ. ಮತಪೆಟ್ಟಿಗೆಗಳ ನಡುವೆ ನಾವು ನಾಲ್ವರು ಮಾಸ್ತರರು. ಅಕಾಲದ ಮಳೆಗೆ ಹೊಳೆಯಲ್ಲಿ ನೀರು ಏರಿತ್ತು. ಚಾಲಕ ಇಳಿದು, ಬಾನೆಟ್ಟು ತೆರೆದು ಫ್ಯಾನ್ ಬೆಲ್ಟನ್ನು ಕಳಚಿದ. ಫ್ಯಾನು ತಿರುಗಿದರೆ ನೀರನ್ನು ಎರಚಿ ಪೆಟ್ರೋಲ್ ಎಂಜಿನ್ನಿನ ಪ್ಲಗ್ಗು, ವಯರುಗಳನ್ನು ತೋಯಿಸಿ ನಿಲ್ಲಿಸಿಬಿಡುತ್ತದೆ ಎಂದು ವಿವರಿಸಿದ. ಮತ್ತೆ ಹತ್ತಿ, ಕಾಲ ಬಳಿಯ ಎರಡು ಸಣ್ಣ ಕಡ್ಡಿಗಳಲ್ಲಿ ಒಂದನ್ನು ಸರಿಸಿ ಮುಂದಿನ ಚಕ್ರಗಳಿಗೆ ಬಲ ಕೊಟ್ಟ, ಇನ್ನೊಂದರಿಂದ ಲೋ ಗೇರಿಗೆ ಹಾಕಿದ. ಜೀಪು ಎಮ್ಮೆಯಂತೆ ನಿಧಾನವಾಗಿ ನೀರಿಗಿಳಿದು ನಿಧಾನವಾಗಿಯೇ ಆಚೆ ಹತ್ತಿತು. ದಡದಲ್ಲಿ ಬೆಲ್ಟ್ ಮತ್ತೆ ಏರಿಸಿ, ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಓಡಿಸಿದ, ಡ್ರಮ್ಮಿನ ನೀರು ಆರಲೆಂದು. ಅವಸರವಿಲ್ಲದ ಶಕ್ತಿ ಎಂದರೆ ಏನೆಂದು ಆ ದಿನ ತಿಳಿಯಿತು.

ಈ ಪೆಟ್ರೋಲ್ ಜೀಪುಗಳ ದೊಡ್ಡ ದೋಷವೆಂದರೆ ಹಸಿವು. 1973ರಲ್ಲಿ ತೈಲದ ಬಿಕ್ಕಟ್ಟು ಬಂದ ಮೇಲೆ ಅವನ್ನು ಸಾಕುವುದು ಆನೆ ಸಾಕಿದಂತಾಯಿತು. ಆಗ ಗ್ಯಾರೇಜುಗಳಲ್ಲಿ ದೊಡ್ಡದೊಂದು ಕ್ರಾಂತಿಯೇ ನಡೆಯಿತು. ಮೆಟಡೋರಿನದೋ, ಇನ್ನಾವುದೋ ಡೀಸೆಲ್ ಎಂಜಿನ್ ತಂದು ಜೀಪಿನ ಹೊಟ್ಟೆಯಲ್ಲಿ ಕೂರಿಸಿದರು. ಮಹೀಂದ್ರಾ ಕಂಪೆನಿಯೂ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪೆನಿಯೊಡನೆ ಡೀಸೆಲ್ ಎಂಜಿನ್ ತಯಾರಿಸುವ ಒಪ್ಪಂದ ಮಾಡಿಕೊಂಡಿತು. 1980ರ ದಶಕದ ಎಂಎಂ 540 ಜೀಪು ಆ ಎಂಜಿನ್ನಿನಿಂದಲೇ ಹೆಸರಾಯಿತು. ಅದರ ಎತ್ತರದ ಬಾನೆಟ್ಟಿನ ಮೂಲವಾದ ಸಿಜೆ 3ಬಿ ಮಾದರಿ ಅಮೆರಿಕದಲ್ಲಿ 1953ರಲ್ಲಿ ಹುಟ್ಟಿ 1968ಕ್ಕೆ ನಿಂತಿತು. ನಮ್ಮಲ್ಲಿ ಆ ಮುಖ ಮುಂದೆಯೂ ದಶಕಗಳ ಕಾಲ ಉಳಿಯಿತು. ಇಂದು ಹುಡುಗರು 'ಮಾಡಿಫಿಕೇಶನ್' ಎಂದು ಕರೆಯುವುದರ ಪೂರ್ವಜರು ಈ ಮೇಸ್ತ್ರಿಗಳು. ವ್ಯತ್ಯಾಸವೆಂದರೆ ಅವರು ಬದಲಿಸಿದ್ದು ಹೊಟ್ಟೆಪಾಡಿಗೆ.

ಆ ಕಾಲದ ಜೀವಂತ ಉಳಿಕೆಯನ್ನು ನೋಡಬೇಕಾದವರು ಕೊಲ್ಲೂರಿಗೆ ಹೋಗಬೇಕು. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಜೀಪುಗಳಲ್ಲಿ ಹೆಚ್ಚಿನವು ಹಲವು ಕೈ ದಾಟಿ ಬಂದವು. ಕಡೆಯ ಕೆಲವು ಕಿಲೋಮೀಟರು ರಸ್ತೆಯೆಂಬುದು ಹೆಸರಿಗೆ ಮಾತ್ರ. ಕಲ್ಲು, ಕೊರಕಲು, ಕೆಸರು. ಹಾಗಿದ್ದೂ ಅವು ದಿನವೂ ಹತ್ತಿ ಇಳಿಯುತ್ತವೆ. ಡಾರ್ಜಿಲಿಂಗಿನ ಮಾನೆಭಂಜಂಗಿನಿಂದ ಸಂದಕ್‌ಫೂವಿಗೆ 1950ರ ದಶಕದ ಲ್ಯಾಂಡ್ ರೋವರುಗಳು ಇದೇ ರೀತಿ ಜನರನ್ನು ಹತ್ತಿಸುತ್ತಾ ಬಂದಿವೆ. ಎರಡೂ ಕಡೆ ಗುಟ್ಟು ಒಂದೇ: ಚಾಲಕನೇ ಅರ್ಧ ಮೇಸ್ತ್ರಿ. ಬೋಲ್ಟು ಸಡಿಲವಾದರೆ ಅವನ ಕಿವಿಗೆ ಗೊತ್ತಾಗುತ್ತದೆ.

ಹರಾಜಿನ ಆ ಹಳೆಯ ದಾರಿ ಈಗ ಮುಚ್ಚಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಅವು ನೇರವಾಗಿ ಗುಜರಿಗೆ ಹೋಗಬೇಕು. ಸೇನೆ ಮತ್ತು ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹೊಗೆಯ ದೃಷ್ಟಿಯಿಂದ ಇದು ಸರಿಯೇ ಇರಬಹುದು. ಆದರೆ ಬಿ.ಡಿ.ಒ. ಕಚೇರಿಯಿಂದ ಅಡಿಕೆ ತೋಟಕ್ಕೆ ಬರುತ್ತಿದ್ದ ವಂಶ ಅಲ್ಲಿಗೆ ಮುಗಿಯಿತು. ಇನ್ನು ಹಳೆಯ ಜೀಪೆಂದರೆ ಖಾಸಗಿಯವರ ಕೈಯಿಂದ ಬರುವುದು ಮಾತ್ರ. ಅಂಥವರಲ್ಲಿ ದುಡಿಸಿದವರೂ ಇದ್ದಾರೆ, ಬೀಚಿನ ಮರಳಿನಲ್ಲಿ ಆಟವಾಡಿಸಿದವರೂ ಇದ್ದಾರೆ. ಎರಡನೆಯವರಿಂದ ಕೊಳ್ಳುವವರು ಹೆಚ್ಚು ಎಚ್ಚರವಾಗಿರಬೇಕೆಂದು ನನ್ನ ಮತ. ಸಮುದ್ರದ ಉಪ್ಪು ಛಾಸಿಯ ಒಳಮೂಲೆಗಳಲ್ಲಿ ಕೂತು ತಿನ್ನುವುದು ಹೊಸ ಬಣ್ಣದ ಕೆಳಗೆ ಕಾಣುವುದಿಲ್ಲ. ಪಡುಕೆರೆಯ ಗಾಳಿಗೆ ಸಾಲಿಗ್ರಾಮದ ನಮ್ಮ ಮನೆಯ ಕಿಟಕಿಯ ಸರಳುಗಳೇ ಸವೆದಿವೆ.

ಅವನ ಮುಂದೆ ಎರಡು ಆಯ್ಕೆಗಳಿದ್ದವು. ಒಂದು, 1990ರ ದಶಕದ ಎಂಎಂ 540. ಇನ್ನೊಂದು, 2010ರಿಂದ 2020ರವರೆಗೆ ಬಂದ ಮೊದಲ ಪೀಳಿಗೆಯ ಥಾರ್, ಹತ್ತು ವರ್ಷ ಹಳೆಯದು. ಎಂಎಂ 540ರ ಮೇಲೆ ಅವನ ಮನಸ್ಸು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ ಎಲ್ಲಿ ಕೂರುತ್ತಾರೆ?" ಎರಡರಲ್ಲಿಯೂ ಹಿಂದಿನ ಆಸನಗಳು ಅಡ್ಡಕ್ಕಿವೆ, ಮೊಣಕಾಲು ನೋವಿನವರು ಅಲ್ಲಿಗೆ ಹತ್ತುವುದು ಅಸಾಧ್ಯ. ಮುಂದಿನ ಆಸನದಲ್ಲಿಯೇ ಕೂರಬೇಕು, ಅದಕ್ಕೂ ಎತ್ತರ ಹೆಚ್ಚು. ಹಾಗಾಗಿ ಅವನ ಮೊದಲ ಅಪ್‌ಗ್ರೇಡು ದೊಡ್ಡ ಟಯರೂ ಅಲ್ಲ, ಜೀಪನ್ನು ಎತ್ತರಿಸುವ ಕಿಟ್ಟೂ ಅಲ್ಲ. ಎಡಗಡೆ ಕಾಲಿಡಲು ಒಂದು ಗಟ್ಟಿ ಮೆಟ್ಟಿಲು, ಹಿಡಿಯಲು ಒಂದು ಹಿಡಿಕೆ, ಬೆನ್ನಿಗೆ ಒಳ್ಳೆಯ ಸೀಟು, ಸೀಟ್ ಬೆಲ್ಟು. ಆಮೇಲೆ ಬ್ರೇಕು. ಆಮೇಲೆ ದೀಪ. ನಾಲ್ಕೂ ಟಯರುಗಳು ಒಂದೇ ಅಳತೆಯವು, ಒಂದೇ ಸವೆತದವು ಆಗಿರಬೇಕು. ಇಲ್ಲವಾದರೆ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ಲೆಕ್ಕದಲ್ಲಿ ತಿರುಗಿ ಹಲ್ಲುಗಳಿಗೆ ಪೆಟ್ಟು. ಒಣಗಿದ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬಾರದೆಂಬುದೂ ಇದೇ ಕಾರಣಕ್ಕೆ.

ಕಾನೂನಿನ ಮಾತನ್ನೂ ಹೇಳಬೇಕು. ಕಂಪೆನಿ ಕೊಟ್ಟ ಮೂಲ ರೂಪವನ್ನು ಬದಲಿಸಿ ನೋಂದಾಯಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಮುಂದಿನ ದೊಡ್ಡ ಕಬ್ಬಿಣದ ಗಾರ್ಡನ್ನು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿಯೇ ನಿಷೇಧಿಸಿದೆ. ಎಂಜಿನ್ ಬದಲಾದ ಹಳೆಯ ಜೀಪಾದರೆ ಆ ಬದಲಾವಣೆ ಆರ್.ಸಿ. ಪುಸ್ತಕದಲ್ಲಿ ಏರಿರಬೇಕು, ಛಾಸಿ ನಂಬರು ಮತ್ತು ಎಂಜಿನ್ ನಂಬರುಗಳನ್ನು ಕಬ್ಬಿಣದ ಮೇಲೆಯೇ ಓದಿ ತಾಳೆ ನೋಡಬೇಕು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಿಂದ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಾಲವಿದ್ದ ವಾಹನವಾದರೆ ಬ್ಯಾಂಕಿನ ಹೆಸರು ತೆಗೆಸದೆ ಹಣ ಕೊಡಬಾರದು.

ಕಡೆಗೆ ಅವನು ಥಾರನ್ನೇ ನೋಡಲು ಹೊರಟ. ಜೊತೆಗೆ ಕುಂದಾಪುರದ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗು, ಅವರ ಒಂದು ದಿನದ ದುಡಿಮೆಯನ್ನು ಕೊಡು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸು ಎಂದೆ. ಬಿಸಿ ಎಂಜಿನ್ ಎಷ್ಟೋ ಸುಳ್ಳು ಹೇಳುತ್ತದೆ. ಕೆಸರಿನಲ್ಲಿ ಫೋರ್ ವೀಲೂ ಲೋ ಗೇರೂ ಬೀಳುತ್ತವೆಯೇ, ಬಿಡುತ್ತವೆಯೇ ಎಂದು ನೋಡದೆ ಮಾತು ಕೊಡಬೇಡ ಎಂದೂ ಹೇಳಿದೆ. ಮೇಸ್ತ್ರಿ ಹಿಂದಿನ ಪಟ್ಟಾ ಕೂರುವ ಜಾಗದಲ್ಲಿ ಸ್ವಲ್ಪ ತುಕ್ಕು, ಸ್ಟೇರಿಂಗಿನಲ್ಲಿ ಸ್ವಲ್ಪ ಆಟ ಕಂಡರಂತೆ. ಬೆಲೆ ಅಷ್ಟು ಇಳಿಯಿತು. ಮಿಕ್ಕಿದ್ದು ಚೆನ್ನಾಗಿತ್ತು.

ಇನ್ನು ಆರೈಕೆಯ ಯೋಜನೆ. ನಮ್ಮೂರಿನವರಿಗೆ ಅದನ್ನು ಕಿಲೋಮೀಟರಿನ ಲೆಕ್ಕದಲ್ಲಿ ಹೇಳುವುದಕ್ಕಿಂತ ಮಳೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಮೇ ತಿಂಗಳ ಕೊನೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಜೀಪಿನ ಅಡಿಯನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತುಕ್ಕು ಕೆರೆದು, ಅಡಿಬಣ್ಣ ಹೊಡೆಸಬೇಕು. ವೈಪರ್, ಬ್ಯಾಟರಿ, ಬ್ರೇಕು ಆಗಲೇ ನೋಡಿಸಬೇಕು. ಮಳೆಗಾಲದಲ್ಲಿ ತೋಡು ದಾಟಿದ ವಾರಗಳಲ್ಲಿ ಗೇರ್ ಬಾಕ್ಸು ಮತ್ತು ಎರಡೂ ಡಿಫರೆನ್ಶಿಯಲ್ಲುಗಳ ಎಣ್ಣೆಯನ್ನು ಒಂದು ಹನಿ ತೆಗೆದು ನೋಡಬೇಕು. ಚಹಾಕ್ಕೆ ಹಾಲು ಬೆರೆತ ಬಣ್ಣವಿದ್ದರೆ ನೀರು ಹೋಗಿದೆ ಎಂದೇ ಅರ್ಥ, ಆ ದಿನವೇ ಬದಲಿಸಬೇಕು. ತಿಂಗಳಿಗೊಮ್ಮೆಯಾದರೂ ಫೋರ್ ವೀಲ್ ಹಾಕಿ ಕೆಸರಿನಲ್ಲಿ ಸ್ವಲ್ಪ ಓಡಿಸಬೇಕು. ವರ್ಷವಿಡೀ ಮುಟ್ಟದೆ ಬಿಟ್ಟ ಕಡ್ಡಿ ಬೇಕಾದ ದಿನ ಕದಲುವುದಿಲ್ಲ. ದೀಪಾವಳಿ ಕಳೆದು ಮೇಳಗಳು ಮತ್ತೆ ಹೊರಡುವಾಗ ಗ್ರೀಸು ಹೊಡೆಸಿ, ಎಂಜಿನ್ ಆಯಿಲ್, ಫಿಲ್ಟರುಗಳನ್ನು ಬದಲಿಸಿ, ಚಕ್ರದ ಬೇರಿಂಗು, ಬ್ರೇಕ್ ಡ್ರಮ್ಮು ಬಿಚ್ಚಿ ಮಣ್ಣು ತೆಗೆಸಬೇಕು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ.

ಇದೆಲ್ಲವನ್ನೂ ತಾರೀಕು ಹಾಕಿ ಒಂದು ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಬರೆದಿಡು ಎಂದೆ. ಹಿಂದಿನ ಯಜಮಾನ ಅಂಥದೊಂದನ್ನು ಇಟ್ಟಿರಲಿಲ್ಲವಂತೆ. ಆನೆಗುಡ್ಡೆಯಲ್ಲಿ ಪೂಜೆ ಮಾಡಿಸಿದ ದಿನದ ಚಿತ್ರವನ್ನು ಕಳುಹಿಸಿದ್ದಾನೆ. ಎಡಗಡೆಯ ಮೆಟ್ಟಿಲು ಇನ್ನೂ ಆಗಿಲ್ಲ, ಬರುವ ವಾರ ವೆಲ್ಡಿಂಗಿನವರು ಮಾಡಿಕೊಡುತ್ತಾರಂತೆ.